ಖತೀಜವ್ವನಿಗೆ ಮರವಿಲ್ಲ

ಖತೀಜವ್ವಾ, ನಿನಗೆ ಮರವು ಬಂದಿಲ್ಲ, ನೀನು ಏನನ್ನೂ ಮರೆತಿಲ್ಲ. ಅಂದು ಬೆಳಗಾವಿಯ ಗ್ರಾಹಕರ ಕೋರ್ಟಿನಲ್ಲಿ ಸುಳ್ಳು ಹೇಳಿದವನು ನಾನು. ಆ ಕಾಗದವನ್ನು ನಿನಗೆ ಓದಿ ಹೇಳಿರಲಿಲ್ಲ — ಒಂದು ಸಾಲೂ ಹೇಳಿರಲಿಲ್ಲ. ಆರು ವರ್ಷ ಈ ಮಾತು ನುಂಗಿಕೊಂಡು ಉಂಡಿದ್ದೇನೆ, ತಿರುಗಾಡಿದ್ದೇನೆ, ಮಲಗಿದ್ದೇನೆ. ನಿದ್ದೆ ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಚಲೋ ನಿದ್ದೆ ಬಂತು.

ನಾನು ಯಾರೆಂದು ನಿನಗೆ ಗೊತ್ತು. ಆದರೆ ಈ ಮಾತು ನಿನ್ನೊಬ್ಬಳಿಗೇ ತಿಳಿದರೆ ಸಾಲದು, ಅದಕ್ಕೆ ಮೊದಲಿನಿಂದ ಹೇಳುತ್ತೇನೆ. ಬೈಲಹೊಂಗಲದ ಒಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದೆ. ಹೆಸರು ಬಸಲಿಂಗಪ್ಪ, ಊರ ಬಾಯಲ್ಲಿ ಬಸಣ್ಣ. 'ಓದಿ ಹೇಳೂ ಬಸಣ್ಣ' ಎಂದೇ ಮಂದಿ ಕರೆಯುತ್ತಿದ್ದರು. ಪೇಟೆಗೆ ಬಂದ ಹಳ್ಳಿಯವರು ಮಕ್ಕಳ ಸಾಲಿಯ ಚೀಟಿ, ತಹಶೀಲ್ದಾರರ ನೋಟೀಸು, ವಿಮೆಯ ಕಾಗದ ಎಲ್ಲ ನನ್ನ ಕೌಂಟರಿಗೆ ತರುತ್ತಿದ್ದರು. ಊಟದ ಹೊತ್ತಿನಲ್ಲೂ ಓದಿ ಹೇಳುತ್ತಿದ್ದೆ. ಆ ಹೆಸರಿನ ಸೊಕ್ಕು ನನಗೆ ಬಹಳ ಇತ್ತು. ಸಂಬಳಕ್ಕಿಂತ ಅದೇ ರುಚಿಯಾಗಿತ್ತು.

ನೀನು ಪೇಟೆಯ ಹಿಂದಿನ ಓಣಿಯಲ್ಲಿ ಕೌದಿ ಹೊಲಿಯುವಾಕೆ. ಅಕ್ಷರ ಬಾರದು. ಆದರೆ ಯಾವ ಕೌದಿಯ ಯಾವ ತುಂಡು ಯಾರ ಸೀರೆಯದು, ಯಾರ ಧೋತರದ್ದು, ಕೊಟ್ಟವರು ಯಾವ ವಾರ ಬಂದಿದ್ದರು, ಬಂದಾಗ ಏನು ಹೇಳಿ ನಕ್ಕರು — ಎಲ್ಲ ನಿನ್ನ ತಲೆಯಲ್ಲಿ ಇರುತ್ತಿತ್ತು. ಹತ್ತು ಮನೆಯ ಹಳೆಯ ಬಟ್ಟೆಯ ಗಂಟು ನಿನ್ನ ಪಡಸಾಲೆಯಲ್ಲಿ ಬಿದ್ದಿದ್ದರೂ ಒಬ್ಬರ ತುಂಡು ಇನ್ನೊಬ್ಬರ ಕೌದಿಗೆ ಎಂದೂ ಹೋಗಲಿಲ್ಲ. ತಾಯಿಯ ಸೀರೆ ಕೊಟ್ಟವರು ಅದೇ ಸೀರೆ ಮರಳಿ ಬರುತ್ತದೆಂಬ ಭರವಸೆಯಿಂದಲೇ ನಿನ್ನ ಹತ್ತಿರ ಬರುತ್ತಿದ್ದರು.

ಮಾರ್ಚ್ ಬಂತೆಂದರೆ ನಮ್ಮ ಶಾಖೆಗೆ ಜ್ವರ ಏರುತ್ತಿತ್ತು. ಆ ವರ್ಷ ಮೇಲಿನಿಂದ ಹುಕುಂ ಬಂತು — ಬಡವರ ಝೀರೋ ಬ್ಯಾಲೆನ್ಸ್ ಖಾತೆಗಳನ್ನು ಬೇರೆ ಖಾತೆಗೆ ಬದಲಾಯಿಸಿರಿ. ಬದಲಾದ ಖಾತೆಯಲ್ಲಿ ಇಂತಿಷ್ಟು ರೊಕ್ಕ ಸದಾ ಇರಬೇಕು, ಕಡಿಮೆಯಾದರೆ ದಂಡ. ಕಾರ್ಡಿಗೆ ಕಡಿತ, ಮೆಸೇಜಿಗೆ ಕಡಿತ. ಹೆಬ್ಬೆಟ್ಟಿನವರ ಫಾರಂ ಇದ್ದರೆ ಅದರ ಕೆಳಗೆ ಬ್ಯಾಂಕಿನವನು 'ಖಾತೆದಾರರಿಗೆ ಓದಿ ಹೇಳಿ ತಿಳಿಸಲಾಗಿದೆ' ಎಂದು ಕೈಯಿಂದ ಬರೆದು ಸಹಿ ಮಾಡಬೇಕು. ಅಷ್ಟು ಸಲ ಯಾರು ಬರೆಯುತ್ತಾರೆ? ನಾನು ಶಾಣ್ಯಾ! ಬಸ್‌ಸ್ಟ್ಯಾಂಡಿನ ಹತ್ತಿರ ಆ ಮಾತಿನದೇ ಒಂದು ರಬ್ಬರ್ ಸಿಕ್ಕಾ ಮಾಡಿಸಿದೆ. ಮುಂಜಾನೆ ಚಹಾ ಕುಡಿಯುತ್ತ ಖಾಲಿ ಫಾರಮ್ಮುಗಳಿಗೆಲ್ಲ ಸಿಕ್ಕಾ ಹೊಡೆದು, ಸಹಿ ಮಾಡಿ ಇಟ್ಟುಬಿಡುತ್ತಿದ್ದೆ. ಗಿರಾಕಿ ಬಾಗಿಲು ದಾಟುವ ಮುಂಚೆಯೇ ಅವನಿಗೆ ಓದಿ ಹೇಳಿ ಮುಗಿದಿರುತ್ತಿತ್ತು.

ಅಂಥ ದಿನವೇ ನೀನು ಪಾಸ್‌ಬುಕ್ ತುಂಬಿಸಲು ಬಂದೆ. ನಾನು ಫಾರಂ ಮುಂದೆ ಸರಿಸಿ, ಮಸಿಯ ಡಬ್ಬಿ ತೆರೆದೆ. ನೀನು ಕೇಳಿದ್ದೆ — ಹೌದು, ಕೇಳಿದ್ದೆ —

"ಏನ ಬರದೈತ್ರಿ ಅಣ್ಣಾರ ಇದರಾಗ?"

"ಏನಿಲ್ಲಬೇ, ದರ ವರ್ಷದ್ದು. ಒಂದ ಒತ್ತ."

ನೀನು ಒತ್ತಿದೆ. ಸೆರಗಿಗೆ ಬೆರಳು ಒರೆಸಿಕೊಂಡೆ. ನನ್ನ ಅಂಗಿಯ ಕಿಸೆಗೆ ಮಸಿ ಸೋರಿದ್ದನ್ನು ನೋಡಿ, "ಅಕ್ಕಾರು ಬೈತಾರ ನೋಡ್ರಿ, ನಿಂಬಿಹಣ್ಣು ತಿಕ್ಕಾಕ ಹೇಳ್ರಿ" ಅಂದೆ. ಇಷ್ಟೇ ನಡೆದದ್ದು.

ವರ್ಷ ಕಳೆದ ಮೇಲೆ ನೀನು ಪಾಸ್‌ಬುಕ್ ಹಿಡಿದು ಬಂದು ರೊಕ್ಕ ಕಡಿಮೆ ಇದೆ ಅಂದೆ. ಯಾವ ಕೌದಿಯ ರೊಕ್ಕ ಯಾವಾಗ ಕಟ್ಟಿದ್ದೆ ಎಂದು ಒಂದೊಂದಾಗಿ ಹೇಳಿದೆ. ಒಂದೂ ತಪ್ಪಿರಲಿಲ್ಲ, ನಾನು ಕಂಪ್ಯೂಟರಿನಲ್ಲಿ ನೋಡುತ್ತಲೇ ಇದ್ದೆ. ಮ್ಯಾನೇಜರು ಫಾರಂ ತೆಗೆಸಿ, ತುಂಬಿದ ಬ್ಯಾಂಕಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದರು — "ಅರವತ್ತಕ್ಕ ಅರಳು ಮರಳು ಅಂತಾರಲ್ಲ, ಇದ ನೋಡು. ಓದಿ ಹೇಳಿ ಹೆಬ್ಬಟ್ಟ ತಗೊಂಡೇವಿ, ನೀನ ಮರತಿ." ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ, ಖತೀಜವ್ವಾ. ನೀನು ನನ್ನ ಕಡೆ ನೋಡಿದೆ. ನಾನು ನೋಟು ಎಣಿಸುವವನಂತೆ ತಲೆ ಬಗ್ಗಿಸಿದೆ.

"ನನಗ ಮರವಿಲ್ಲರಿ," ಅಂದೆ ನೀನು. ಅಷ್ಟೇ ಅಂದು ಹೋದೆ.

ನೀನು ಕೇಸು ಹಾಕಿದ್ದು ಆ ಮಾತಿಗಾಗಿಯೇ. ನಿನ್ನ ಕೌದಿ ಹೊದ್ದು ಬೆಳೆದ ಕಿತ್ತೂರಿನ ಹುಡುಗಿ ದೀಪಾ ವಕೀಲಳಾಗಿದ್ದಳು, ಫೀ ಇಲ್ಲದೆ ನಿಂತಳು. ಹೋದದ್ದು ಕೆಲವು ಸಾವಿರ. ಆದರೆ ಮೊದಲ ತಾರೀಖಿಗೇ ನೀನು ಕೋರ್ಟಿನಲ್ಲಿ ಕೈಮುಗಿದು ಹೇಳಿದೆಯಂತೆ — "ರೊಕ್ಕ ಕೊಟ್ರ ಕೊಡ್ರಿ, ಬಿಟ್ರ ಬಿಡ್ರಿ ಸಾಹೇಬ್ರ. ಖತೀಜಾಬೀಗೆ ಮರವಿಲ್ಲ ಅಂತ ಒಂದ ಕಾಗದ ಬರದ ಕೊಡ್ರಿ." ನಮ್ಮ ಬ್ಯಾಂಕಿನ ವಕೀಲರು ಇದನ್ನು ನಕಲು ಮಾಡಿ ತೋರಿಸಿ ನಗುತ್ತಿದ್ದರು.

ಬ್ಯಾಂಕಿನ ಸಾಕ್ಷಿ ನಾನೇ. ಅಫಿಡವಿಟ್ಟಿಗೆ ಸಹಿ ಮಾಡಿ ಆಗಿತ್ತು. ಆದರೂ ಕೋರ್ಟಿನ ಅಧ್ಯಕ್ಷರು ಖುದ್ದು ಬಾ ಅಂದರು. ನಿವೃತ್ತಿಗೆ ಎಂಟು ತಿಂಗಳಿತ್ತು. ಸಿಕ್ಕಾದ ಸಂಗತಿ ಹೊರಬಿದ್ದರೆ ಪಿಂಚಣಿ ಅಡ್ಡ ನಿಲ್ಲುತ್ತದೆಂದು ಮ್ಯಾನೇಜರು ಅಂಜಿಸಿದ್ದರು. ಅದೇ ಕಾರಣ ಎಂದು ಹೇಳಿಬಿಡಬಹುದು — ಕೇಳಿದವರು ಪಾಪ ಎಂದಾರು. ಆದರೆ ನನಗೆ ಅದಕ್ಕಿಂತ ಹೆಚ್ಚಿನ ಅಂಜಿಕೆ ಬೇರೆಯಿತ್ತು. 'ಓದಿ ಹೇಳೂ ಬಸಣ್ಣ' ಓದಿ ಹೇಳಿರಲಿಲ್ಲ ಎಂದು ಪೇಟೆಯಲ್ಲಿ ಗೊತ್ತಾದರೆ... ನನ್ನ ಹೆಸರು ಉಳಿಯಬೇಕಿತ್ತು. ಅದಕ್ಕೆ ನಿನ್ನ ಹೆಸರು ಕೊಟ್ಟೆ.

ಸಾಕ್ಷಿ ಹೇಳುವ ದಿನ ಮುಂಜಾನೆ ಬೆಳಗಾವಿಯ ಬಸ್ಸಿನಲ್ಲಿ ನೀನು ನನ್ನ ಮುಂದಿನ ಸೀಟಿನಲ್ಲೇ ಕುಳಿತಿದ್ದೆ. ನನ್ನನ್ನು ಕಂಡು ನಿನ್ನ ಮುಖ ಅರಳಿತು. ನಾನು ಬ್ಯಾಂಕಿನ ಕಡೆಯವನೆಂದು ನಿನಗೆ ತಿಳಿದಿತ್ತು, ಆದರೂ ಪಕ್ಕದ ದೀಪಾಗೆ ಹೇಳಿದೆ — "ಅಣ್ಣಾರ ಬಂದಾರಂದ್ರ ಆತು ಬಿಡವಾ. ಖರೇನ ಹೇಳತಾರ." ಆಮೇಲೆ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಿಂದೆ ಚಾಚಿದೆ. "ನಸಕಿನ್ಯಾಗ ಬಂದೀರಿ, ತಿನ್ರಿ." ನಾನು ತಿಂದೆ. ಬೇಡ ಎನ್ನುವಷ್ಟೂ ನಾಚಿಕೆ ಹುಟ್ಟಲಿಲ್ಲ ನನಗೆ.

ಅಧ್ಯಕ್ಷರು ಕೇಳಿದರು — ಇದನ್ನು ಈಕೆಗೆ ಓದಿ ಹೇಳಿದ್ದೀರಾ? ನಾನು ಅಂದೆ — "ಹೌದ್ರಿ. ಸಾಲು ಸಾಲು ಓದಿ ಹೇಳೇನಿ. ಹೂಂ ಅಂದ ಮ್ಯಾಲೆ ಹೆಬ್ಬಟ್ಟ ತಗೊಂಡೇನಿ."

ದೀಪಾ ನನ್ನನ್ನು ಪ್ರಶ್ನಿಸಲು ಎದ್ದಳು. ಅವಳ ಕೈಯಲ್ಲಿ ಬೇರೆ ನಾಲ್ಕು ಫಾರಮ್ಮುಗಳಿದ್ದವು, ಎಲ್ಲದರ ಮೇಲೂ ಅದೇ ಸಿಕ್ಕಾ. ಇನ್ನು ಎರಡು ಪ್ರಶ್ನೆಗೆ ನಾನು ಸಿಕ್ಕಿಬೀಳುತ್ತಿದ್ದೆ. ಆಗ ನೀನು ಅವಳ ಕರೀ ಕೋಟಿನ ತೋಳು ಹಿಡಿದು ಜಗ್ಗಿದೆ.

"ಬ್ಯಾಡವಾ, ಕುಂದರ. ಅಣ್ಣಾರು ಸುಳ್ಳ ಹೇಳೂ ಮಂದಿ ಅಲ್ಲ. ಅವರು ಓದಿ ಹೇಳೇನಿ ಅಂದ್ರ ಹೇಳಿರಬೇಕು. ನನಗ... ನನಗ ಮರವು ಬಂದೈತಿ, ಹಂಗಾರ."

ಆ ಹೊತ್ತಿಗೆ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ದೂರು ಹಿಂದಕ್ಕೆ ಪಡೆಯುವ ಅರ್ಜಿಯನ್ನು ದೀಪಾ ವರಾಂಡದ ಬೆಂಚಿನ ಮೇಲೆ ಕುಳಿತು ನಿನಗೆ ಓದಿ ಹೇಳಿದಳು. ಒಂದೊಂದು ಸಾಲಿಗೂ ನಿಂತು, ತಿಳೀತೇನಬೇ ಎಂದು ಕೇಳಿ, ಮತ್ತೆ ಮುಂದೆ ಓದಿದಳು. ಅವಳ ಕಣ್ಣಲ್ಲಿ ನೀರಿತ್ತು. ಅರ್ಧ ಹಾಳೆಗೆ ಎಷ್ಟೊಂದು ಹೊತ್ತು ಹಿಡಿಯಿತು! ನಾನು ಮೆಟ್ಟಿಲ ಹತ್ತಿರ ನಿಂತು ನೋಡಿದೆ. ನಮ್ಮ ವಕೀಲರು ಚಹಾ ಕೊಡಿಸಿದರು.

ಆಮೇಲಿನದು ನಿನಗೇ ಗೊತ್ತು, ಯಾಕೆ ಎಂಬುದೊಂದು ಬಿಟ್ಟು. ಮನೆಗೆ ಬಂದ ವಾರದಲ್ಲೇ ಗಂಟುಗಳನ್ನೆಲ್ಲ ಅವರವರ ಮನೆಗೆ ತಿರುಗಿ ಕಳಿಸಿದೆ. "ಯಾರ ಸೀರಿ ಯಾರ ಕೌದಿಗೆ ಹೊಕ್ಕೈತೋ, ನನಗ ಖಾತ್ರಿ ಇಲ್ಲ" ಅಂದೆಯಂತೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ಹೋಗುತ್ತೀ. ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಕಬ್ಬಿನ ಲಾರಿ ಹೊಡೆಯುವ ನಿನ್ನ ಮಗ ರಫೀಕ ಒಳ್ಳೆಯವನು. ತಾಯಿಗೆ ತ್ರಾಸು ಬೇಡವೆಂದು ಟ್ರಂಕಿನ ಕೀಲಿ ಸೊಸೆಯ ಕೈಗೆ ಕೊಟ್ಟ. ಈಗ ನೀನು ಒಬ್ಬಳೇ ಪೇಟೆಗೆ ಹೊರಟರೆ ಓಣಿಯ ಮಂದಿ ಕೈಹಿಡಿದು ಮನೆ ಮುಟ್ಟಿಸುತ್ತಾರೆ. ಕೋರ್ಟಿನಲ್ಲಿ ಕೇಳಿದ ಕಾಗದ ನಿನಗೆ ಸಿಗಲಿಲ್ಲ. ಅದರ ಉಲ್ಟಾ ಬರಹವನ್ನು ಊರೆಲ್ಲ ನಂಬಿದೆ. ನೀನೂ ನಂಬಿದೆ.

ಹೋದ ತಿಂಗಳು ನಾನು ನಿನ್ನ ಮನೆಗೆ ಬಂದೆನಲ್ಲ — ನನ್ನ ಹೆಂಡತಿ ಗಂಗವ್ವ ತೀರಿ ವರ್ಷವಾಗಿತ್ತು, ಮೊಮ್ಮಗಳಿಗೆ ಅವಳ ಸೀರೆಗಳದೊಂದು ಕೌದಿ ಬೇಕೆಂದು ಮಗಳು ಹಟ ಹಿಡಿದಿದ್ದಳು. ಎಂಥ ಮುಖ ಹೊತ್ತು ಬಂದೆನೋ! ನೀನು ಹೊಲಿಯೂದು ಬಿಟ್ಟೇನಿ ಅಂದೆ, ಆದರೂ ಗಂಟು ಬಿಚ್ಚಿದೆ. ಕೈ ತನ್ನಷ್ಟಕ್ಕೇ ಬಟ್ಟೆಯ ಮೇಲೆ ಆಡಿತು. ಹಸಿರಂಚಿನ ಇಳಕಲ್ಲ ಸೀರೆ ಎತ್ತಿ ಹಿಡಿದೆ. ಮೊದಲಿನ ನಗು ಬಂತು.

"ಇದು ಅಕ್ಕಾರು ನಮ್ಮ ಮಗಳ ಶಬಾನಾನ ಶಾದಿಗೆ ಉಟಗೊಂಡ ಬಂದಿದ್ರಲ್ಲ! ಸೆರಗಿಗೆ ಪಾನದ ಕಲಿ ಬಿದ್ದಿತ್ತು..." ಅಂದವಳು ಥಟ್ಟನೆ ನಿಂತೆ. ನಗು ಆರಿತು. ಸೀರೆ ಮಡಚಿ ಗಂಟಿನೊಳಗೆ ಇಟ್ಟೆ. "ಅಲ್ಲೇನ್ರಿ ಅಣ್ಣಾರ? ಬ್ಯಾರೇದಿರಬೇಕು. ನೀವ ಹೇಳ್ರಿ, ನನಗ ಮರವು."

ನಾನು ಅಂದದ್ದು — "ಇರಬಹುದು ಬಿಡಬೇ." ಹೇಡಿ ನಾನು. ಹೌದು, ಅದೇ ಸೀರೆ ಅನ್ನಲಿಕ್ಕೆ ನನ್ನ ನಾಲಿಗೆ ಹೊರಳಲಿಲ್ಲ.

ಮನೆಗೆ ಬಂದು ಆ ಸೀರೆ ಹರವಿ ನೋಡಿದೆ. ಮೊಮ್ಮಗಳ ಎದುರಿಗೇ ಅತ್ತುಬಿಟ್ಟೆ.

ನಿನ್ನೆ ದೀಪಾಳ ಆಫೀಸಿಗೆ ಹೋಗಿ ಎಲ್ಲ ಹೇಳಿದೆ. ಅವಳು ನನಗೆ ಕುಂದರ್ರಿ ಅನ್ನಲಿಲ್ಲ, ನಿಲ್ಲಿಸಿಯೇ ಬರೆದುಕೊಂಡಳು. ಅಫಿಡವಿಟ್ಟು ಆಗಿದೆ, ಸಿಕ್ಕಾ ಅವಳ ಮೇಜಿನ ಮೇಲಿದೆ. ಕೇಸು ಮತ್ತೆ ಏಳುತ್ತದೋ ಇಲ್ಲವೋ ಅವಳಿಗೂ ಖಾತ್ರಿಯಿಲ್ಲ. ನನ್ನ ಪಿಂಚಣಿ ಏನಾದರೂ ಆಗಲಿ. ನಿನ್ನ ಆರು ವರ್ಷ ಯಾವ ಕೋರ್ಟೂ ತಿರುಗಿ ಕೊಡಲಾರದು, ನಾನೂ ಕೊಡಲಾರೆ. ಮಾಫಿ ಕೇಳುವ ಬಾಯಿ ನನಗಿಲ್ಲ, ಕೇಳುವುದಿಲ್ಲ.

ಶುಕ್ರವಾರ ರಫೀಕ ಮನೆಯಲ್ಲಿರುತ್ತಾನೆ. ಈ ಹಾಳೆಗಳನ್ನು ತೆಗೆದುಕೊಂಡು ಬರುತ್ತೇನೆ. ನಿನ್ನ ಮಗ, ಸೊಸೆ, ಓಣಿಯ ಮಂದಿ ಎಲ್ಲರೂ ಇರಲಿ. ಕಟ್ಟೆಯ ಮೇಲೆ ಕುಳಿತು ಸಾಲು ಸಾಲು ಓದಿ ಹೇಳುತ್ತೇನೆ. ತಿಳಿಯದಿದ್ದಲ್ಲಿ ನನ್ನನ್ನು ತಡೆ, ಮತ್ತೆ ಓದುತ್ತೇನೆ. ನಡುವೆ ಎದ್ದು ಒಳಗೆ ಹೋಗಬೇಕೆನಿಸಿದರೆ ಹೋಗು. ಹೊರಗೆ ನಿಂತವರಿಗೆ ಓದಿ ಮುಗಿಸುತ್ತೇನೆ.

ಗಂಗವ್ವನ ಸೀರೆಯನ್ನೂ ತರುತ್ತೇನೆ. ಅದು ಶಬಾನಾನ ಶಾದಿಗೆ ಉಟ್ಟದ್ದೇ, ಖತೀಜವ್ವಾ. ಪಾನದ ಕಲೆ ಇನ್ನೂ ಅಲ್ಲೇ ಇದೆ, ಸೆರಗಿನಲ್ಲಿ, ನೀನು ಹೇಳಿದ ಜಾಗದಲ್ಲೇ.