ಬೀಳ್ಕೊಡುಗೆಯ ಗಡಿಯಾರ

ವಿದ್ಯುತ್ ಸ್ಥಾವರದ ಬಾಯ್ಲರ್ ನೋಡಿಕೊಳ್ಳುವವನನ್ನು ಎಲ್ಲರೂ ಬೆಂಕಿಯಣ್ಣ ಎಂದೇ ಕರೆಯುತ್ತಿದ್ದರು. ಮನುಷ್ಯ ಮಾತ್ರ ತಣ್ಣೀರಿನಂಥವನು. ಹಿಂದಿನ ಸರ್ಕಾರ ಸ್ಥಾವರ ಮುಚ್ಚುತ್ತೇವೆ ಎಂದಾಗ ಜೊತೆಯವರು ಕಣ್ಣೀರಿಟ್ಟು, ಗೋಡೆ ಗಡಿಯಾರ ಕೊಟ್ಟು ಅವನನ್ನು ಬೀಳ್ಕೊಟ್ಟಿದ್ದರು. ಚುನಾವಣೆ ಹತ್ತಿರ ಬಂದದ್ದೇ ತಡ, ಆ ಆದೇಶ ರದ್ದಾಯಿತು. ಗಡಿಯಾರವನ್ನು ಮನೆಗೆ ಒಯ್ಯಲು ನಾಚಿಕೆಯಾಗಿ ಅವನು ಅದನ್ನು ಕಂಟ್ರೋಲ್ ರೂಮಿನ ಗೋಡೆಗೇ ತೂಗುಹಾಕಿದ.

ಇಂದು ಸಂಜೆ ಅದರ ಕೆಳಗಿನ ಟಿವಿಯಲ್ಲಿ ಹೊಸ ಮಂತ್ರಿಗಳು ಕಾಣಿಸಿಕೊಂಡರು. ಅದೇ ಮೈಕು, ಅದೇ ನಗು, ಮುಖವಷ್ಟೇ ಬೇರೆ. ಕಲ್ಲಿದ್ದಲಿನ ಕಾಲ ಮುಗಿಯಿತು, ಈ ಸ್ಥಾವರವನ್ನು ಮುಚ್ಚುತ್ತೇವೆ ಎಂದರು.

"ಅಣ್ಣಾ, ಈ ಸಲ ನಿಜಾನೇ ಇರ್ಬೇಕು. ನಿಂಗೇನೂ ಅನ್ಸಲ್ವಾ?" ಎಂದ ಪಕ್ಕದ ಆಪರೇಟರ್.

"ಅನ್ಸೋದೆಲ್ಲ ಹೋದ್ಸಲಾನೇ ಅನ್ಸಿ ಮುಗೀತಲ್ಲೋ."

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಫೋನ್ ಬಂತು. ಮಂತ್ರಿಗಳ ಭಾಷಣ ಕೇಳಲು ಮನೆಮನೆಯಲ್ಲೂ ಟಿವಿ ಹಾಕಿದ್ದಾರೆ, ಲೋಡ್ ಏರುತ್ತಿದೆ, ಕರೆಂಟ್ ಸಾಲುತ್ತಿಲ್ಲ.

"ಆಗ್ಲಿ ಸಾರ್," ಎಂದ ಬೆಂಕಿಯಣ್ಣ. ಮಂತ್ರಿಗಳ ಮಾತು ಯಾರ ಮನೆಯಲ್ಲೂ ಅರ್ಧಕ್ಕೆ ನಿಲ್ಲದಂತೆ ಬಾಯ್ಲರಿಗೆ ಇನ್ನಷ್ಟು ಕಲ್ಲಿದ್ದಲು ಬಿಟ್ಟ.