ಬಿಸಿಲಿನಲ್ಲಿ ಮಾತ್ರ ಕೆಡುವ ಕಾರು

ಕೂಳೂರು ಸೇತುವೆಯ ನಡುವೆ ನನ್ನ ಕಾರಿನ ಸ್ಟೇರಿಂಗ್ ಇದ್ದಕ್ಕಿದ್ದಂತೆ ಬಿಗಿಯಾಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಪಕ್ಕದಲ್ಲಿ ಮಗಳು ಸುಮನಾ, ಹಿಂದೆ ಹಾರ್ನ್ ಬಾರಿಸುವ ಲಾರಿ. ಎರಡೂ ಕೈಗಳ ಬಲ ಹಾಕಿ ಹೇಗೋ ಸೇತುವೆ ದಾಟಿಸಿ ಬದಿಗೆ ನಿಲ್ಲಿಸಿದೆ. ಕಾರು ತಣಿದ ಮೇಲೆ ದೇರೆಬೈಲಿನ ಮನೆ ಸೇರಿದೆವು. ಸುಮನಾ ಕೀಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಇನ್ನು ನೀವು ಓಡಿಸುವುದು ಬೇಡ ಅಪ್ಪ."

ಒಂದು ಗೀರೂ ಬೀಳದಂತೆ ಕಾರು ಓಡಿಸಿದವನಿಗೆ ಇಂಥ ತೀರ್ಪು. ವಾದಿಸಿದೆ. ದೋಷ ಕಾರಿನದ್ದೆಂದು ಸಾಬೀತಾದರೆ ಮಾತ್ರ ಕೀ ಮರಳುವುದು ಎಂದಳು.

ಮರುದಿನ ಅವಳೇ ಓಡಿಸಿಕೊಂಡು ನನ್ನನ್ನೂ ಸರ್ವಿಸ್ ಸೆಂಟರಿಗೆ ಕರೆತಂದಳು. ಅಲ್ಲಿಯ ಪದ್ಧತಿ ಕೇಳಿ: ಬಂದ ಕಾರಿಗೆ ಮೊದಲು ಸ್ನಾನ. (ಬಿಸಿಲಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುವ ಊರಲ್ಲವೇ, ಉಪಚಾರವೆಂದೇ ತಿಳಿಯೋಣ.) ಬಳಿಕ ನೆರಳಿನಲ್ಲಿ ವಿಶ್ರಾಂತಿ. ಕೊನೆಗೆ ಕಂಪ್ಯೂಟರ್ ತಪಾಸಣೆ. ಜ್ವರ ಇಳಿಸಿದ ಮೇಲೆ ಥರ್ಮಾಮೀಟರ್ ಇಟ್ಟರೆ ಏನು ಕಂಡೀತು?

ಸರ್ವಿಸ್ ಅಡ್ವೈಸರ್ ಎಂಬ ಯುವಕ ಮೊಬೈಲಿನಿಂದ ಕಣ್ಣೆತ್ತದೆ, ನನಗಲ್ಲ, ಮಗಳಿಗೆ ಹೇಳಿದ: "ಗಾಡಿಗೆ ಎಂತ ಸಹ ಆಗಲಿಲ್ಲ ಮೇಡಂ. ಪ್ರಾಯ ಆದವರಿಗೆ ಕೈಯಲ್ಲಿ ಬಲ ಕಮ್ಮಿ ಅಲ್ವಾ?"

ನನಗೆ ಕೂರಲು ಹೇಳುವ ಸೌಜನ್ಯವೂ ಅವನಲ್ಲಿರಲಿಲ್ಲ. ಅದನ್ನೂ ನೆನಪಿಟ್ಟಿದ್ದೇನೆ.

ಅಲ್ಲಿಂದ ಕದಲಲು ನಾನು ಒಪ್ಪಲಿಲ್ಲ. ಹಿಂದೊಮ್ಮೆ ಮನೆಯ ಗೇಟಿನ ಬಳಿ ಸ್ಟೇರಿಂಗ್ ಬಿಗಿಯಾದದ್ದೂ ಕಾರು ಬಿಸಿಲಲ್ಲಿ ನಿಂತಿದ್ದ ಬಳಿಕವೇ ಎಂದು ಸ್ವರ ಏರಿಸಿಯೇ ಹೇಳಿದೆ. ಒಳಗಿನಿಂದ ಎಂಜಿನಿಯರ್ ಫರ್ಹಾನಾ ಬಂದರು. ತೊಕ್ಕೊಟ್ಟಿನವರು. ತಂದೆ ಗಲ್ಫಿನಲ್ಲಿ ಗ್ಯಾರೇಜ್ ನಡೆಸುತ್ತಿದ್ದರಂತೆ. ನನ್ನ ಮಾತನ್ನು ಪೂರ್ತಿ ಕೇಳಿದ ಮೊದಲ ವ್ಯಕ್ತಿ ಅವರು.

"ಇದನ್ನು ತೊಳೆಯಬಾರದಿತ್ತು ಸರ್. ಬಿಸಿಲಲ್ಲಿ ನಿಲ್ಲಿಸುವ, ಮತ್ತೆ ನಾನೇ ಓಡಿಸ್ತೇನೆ."

ಗಾಜು ಮುಚ್ಚಿದ ಕಾರು ಅಂಗಳದಲ್ಲಿ ಊಟದ ಹೊತ್ತು ಕಳೆಯುವವರೆಗೂ ಬೆಂದಿತು. ಫರ್ಹಾನಾ ಸ್ಟೇರಿಂಗ್ ಹಿಡಿದರು; ನಾನು ಪಕ್ಕದ ಸೀಟಿನಲ್ಲಿ, ಮಗಳು ಹಿಂದೆ. ಕಾಂಪೌಂಡಿನೊಳಗೆ ಸುತ್ತು ಹಾಕತೊಡಗಿದೆವು. ಮೊದಲು ಏನೂ ಆಗಲಿಲ್ಲ. ಮಗಳು ನಿಟ್ಟುಸಿರಿಟ್ಟಳು. ಮತ್ತೊಂದು ತಿರುವಿನಲ್ಲಿ ಫರ್ಹಾನಾ ಅವರ ಮೊಣಕೈಗಳು ಅಗಲವಾದವು. ಎರಡೂ ಕೈಗಳಿಂದ ಎಳೆದರು. ಆಮೇಲೆ ಬ್ರೇಕ್ ಒತ್ತಿ, ಹಿಂದಕ್ಕೆ ತಿರುಗಿ ಸುಮನಾಳಿಗೆ ಹೇಳಿದರು:

"ನಿಮ್ಮ ಅಪ್ಪನ ಕೈ ಸರಿ ಉಂಟು. ಗಾಡಿಯೇ ಸರಿ ಇಲ್ಲ."

ಸ್ಟೇರಿಂಗಿಗೆ ನೆರವಾಗುವ ಕಂಟ್ರೋಲ್ ಯುನಿಟ್ಟನ್ನು ಬಿಚ್ಚಿ ತೋರಿಸಿದರು. ಅದರೊಳಗಿನ ಚಿಪ್ ದುಡಿಯುವಾಗ ತಾನೂ ಬಿಸಿಯಾಗುತ್ತದೆ. ಆ ಬಿಸಿಯನ್ನು ಲೋಹದ ಕವಚಕ್ಕೆ ದಾಟಿಸಲು ನಡುವೆ ಒಂದು ಮೆತ್ತನೆಯ ಪಟ್ಟಿಯಿರುತ್ತದೆ. ನಮ್ಮ ಕಾರಿನಲ್ಲಿ ಅದು ಒಣಗಿ, ಸರಿದುಹೋಗಿತ್ತು. ಹೊರಗಿನ ಸೆಕೆಯೂ ಸೇರಿದಾಗ ಚಿಪ್ ಸುಟ್ಟುಹೋಗದಿರಲು ತಾನೇ ಕೆಲಸ ಬಿಟ್ಟುಬಿಡುತ್ತಿತ್ತು, ನೆರವು ತಪ್ಪಿದ ಸ್ಟೇರಿಂಗ್ ಬಿಗಿಯಾಗುತ್ತಿತ್ತು. ತಣಿದರೆ ಮತ್ತೆ ವಿಧೇಯ.

ಯುನಿಟ್ ಹೊಸದಾಯಿತು. ಅದೇ ಬಿಸಿಲಿನಲ್ಲಿ ಮತ್ತೆ ನಿಲ್ಲಿಸಿ, ಓಡಿಸಿ ನೋಡಿಯೇ ಕಾರು ಒಪ್ಪಿಸಿದರು. ಇನ್ನು ಮುಂದೆ ಬಿಸಿಲಿನಲ್ಲಿ ಕೆಡುತ್ತದೆಂಬ ದೂರಿನ ಕಾರುಗಳನ್ನು ತಪಾಸಣೆಗೆ ಮೊದಲು ತೊಳೆಯುವುದಿಲ್ಲವಂತೆ. ಒಂದು ಕೆಟ್ಟ ಪದ್ಧತಿ ಇಷ್ಟು ಸುಲಭವಾಗಿ ಬದಲಾದದ್ದನ್ನು ನಾನು ಈಚೆಗೆ ಕಂಡಿರಲಿಲ್ಲ.

ಸುಮನಾ ಕೀಯನ್ನು ನನ್ನ ಅಂಗೈಯಲ್ಲಿಟ್ಟು, ಎಡಬದಿಯ ಸೀಟಿನಲ್ಲಿ ಕುಳಿತಳು. ಅವಳನ್ನು ಕ್ಷಮಿಸಿದ್ದೇನೆ. ಆ ಯುವಕನ ಕಡತ ಇನ್ನೂ ತೆರೆದಿದೆ.

ಯಂತ್ರವಿರಲಿ, ಮನುಷ್ಯನಿರಲಿ, ದೂರು ಹುಟ್ಟಿದ ಜಾಗಕ್ಕೆ ಹೋಗದೆ 'ಎಂತ ಸಹ ಆಗಲಿಲ್ಲ' ಎನ್ನುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?