ಬಿದ್ದಾಗ ತಟ್ಟಿದ ಚಪ್ಪಾಳೆ

ಮೊದಲು ಮಾತು ಕೇಳದೆ ಹೋದದ್ದು ಎಡಗೈ. ಬಾಕ್ಸಿಂಗ್ ಗ್ಲೌಸಿನೊಳಗೆ ಬೆರಳು ಸೇರಲೇ ಇಲ್ಲ. ತಲೆ ಬೇರೆ ಸಿಡಿಯುತ್ತಿತ್ತು.

ಕದ್ದು ನಡೆಸುವ ಬಾಕ್ಸಿಂಗ್ ಪಂದ್ಯಗಳ ಬಗ್ಗೆ ಸಣ್ಣ ಬಜೆಟ್ಟಿನ ತಮಿಳು ಸಿನಿಮಾ. ಸೇಲಂ ಹತ್ತಿರ ಮುಚ್ಚಿಹೋದ ಸಬ್ಬಕ್ಕಿ ಮಿಲ್ಲಿನಲ್ಲಿ ಶೂಟಿಂಗ್. ಪೆನ್ನಾಗರಂನಲ್ಲಿ ಜಿಮ್ ನೋಡಿಕೊಳ್ಳುವ ನನಗೆ ಹೀರೋನ ಗುದ್ದು ತಿಂದು ಬೀಳುವ ಪಾತ್ರ. ಹಿಂದಿನ ದಿನ ರಿಹರ್ಸಲ್‌ನಲ್ಲಿ ಅವನ ಮೊಣಕೈ ನಿಜಕ್ಕೂ ತಲೆಗೆ ಬಡಿದಿತ್ತು. ಹೇಳಿದರೆ ಪಾತ್ರ ಬೇರೆಯವನ ಪಾಲಾಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಟೇಕ್. ಗುದ್ದು ಮುಟ್ಟುವ ಮೊದಲೇ ಬಿದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು.

"ಸೂಪರ್! ಅಪ್ಪಡಿಯೇ ಇರು," ಹಾಗೇ ಬಿದ್ದಿರು ಎಂದರು ಡೈರೆಕ್ಟರ್. ಏಳಲಾಗಲಿಲ್ಲ. ನಾಲಿಗೆ ಹೊರಳಲಿಲ್ಲ. ಕ್ಯಾಮೆರಾ ನನ್ನನ್ನು ಒಂದು ಸುತ್ತು ಹಾಕಿತು. ಅಷ್ಟರಲ್ಲಿ ನನ್ನ ಹಳದಿ ಸ್ಯಾಟಿನ್ ಚಡ್ಡಿ ಒದ್ದೆಯಾಗಿ, ಉಚ್ಚೆ ಸಿಮೆಂಟ್ ನೆಲದ ಮೇಲೆ ಹರಿಯಿತು. ಯಾರೋ ನಕ್ಕರು. ಆಮೇಲೆ ಯಾರೋ ಕಿರುಚಿದರು.

ಎಮರ್ಜೆನ್ಸಿಯಲ್ಲಿ ನರ್ಸ್ ಹುಬ್ಬಿನ ಮೇಲಿನ ರಕ್ತ ಒರೆಸಿದರೆ ಕೆಳಗೆ ಗಾಯವೇ ಇಲ್ಲ, ಎಲ್ಲ ಮೇಕಪ್. ಸಿಟಿ ಸ್ಕ್ಯಾನ್‌ನಲ್ಲಿ ನಿಜವಾದದ್ದು ಸಿಕ್ಕಿತು: ಬಲಗಡೆ, ಮೆದುಳಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಸರ್ಜರಿ ಮಾಡಿದ ಡಾಕ್ಟರ್, ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ಉಳಿದೆ, ಆದರೆ ನಾಚಿಕೆಯಿಂದ ಸತ್ತೆ. ಮನೆಯಲ್ಲಿ ಅವ್ವನೇ ಸ್ನಾನ ಮಾಡಿಸಬೇಕು. ನೋಡಲು ಬಂದವರು ಹಾರ್ಲಿಕ್ಸ್ ಬಾಟಲಿ ಇಟ್ಟು, "ಎಷ್ಟ್ ಜನುಕ್ಕೆ ಒಡ್ದೆ ಲಾ?" ಎನ್ನುತ್ತಿದ್ದರು. ಚಡ್ಡಿ ಬಿಸಾಡು ಎಂದಿದ್ದೆ. ಒಳ್ಳೆಯ ಬಟ್ಟೆ ಎಂದು ಅವ್ವ ಒಗೆದು, ಬೀದಿಗೆ ಕಾಣುವಂತೆ ತಂತಿಯ ಮೇಲೆ ಹರವಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಕಟ್ಟುಮಸ್ತಾದ ಗಂಡಸು ಅಷ್ಟು ಜನರೆದುರು ಹಾಗೆ ಮಾಡಿಕೊಂಡದ್ದು ಊರಿಗೆ ಗೊತ್ತಾಗಬಾರದು, ದೇವರಲ್ಲಿ ಕೇಳಿದ್ದು ಅದೊಂದೇ.

ಮೊನ್ನೆ ಟ್ರೈಲರ್ ಬಂತು. ನಾನು ಬೀಳುವ ಶಾಟ್ ಅದರಲ್ಲಿತ್ತು, ಜೊತೆಗೆ ವಿಸಿಲ್ ಸದ್ದು. ಅವ್ವ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಬಿದ್ದ ಮ್ಯಾಲೆ ಯಾರ್ಲಾ ಎತ್ತಿದ್ದು?"

ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ.

"ಯಾರೂ ಬರ್ಲಿಲ್ಲ ಅವ್ವ. ಆಕ್ಟಿಂಗು ಅನ್ಕಂಡ್ರು. ಉಚ್ಚೆ ಒಯ್ಕಂಡ ಮ್ಯಾಲೇ ಅವುರ್ಗೆ ಗೊತ್ತಾಗಿದ್ದು."

ಅವ್ವ ಫೋನನ್ನು ಪಕ್ಕಕ್ಕಿಟ್ಟಳು.

"ಒಯ್ಕಂಡಿದ್ದೇ ಒಳ್ಳೇದಾಯ್ತು ಬುಡು. ಇಲ್ಲಾಂದ್ರೆ ಇನ್ನೂ ಕೈ ತಟ್ತಾನೇ ಇರೋರು."

ಇವತ್ತು ಸ್ನಾನವಾದ ಮೇಲೆ ಆ ಹಳದಿ ಚಡ್ಡಿಯನ್ನೇ ಕೇಳಿ ಹಾಕಿಕೊಂಡೆ. ಲಾಡಿ ಕಟ್ಟಲು ಎಡಗೈ ಬಹಳ ಸತಾಯಿಸಿತು. ಅವ್ವ ನೆರವಿಗೆ ಬರಲಿಲ್ಲ. ಟವೆಲ್ ಹಿಡಿದು ಬಾಗಿಲಲ್ಲೇ ಕಾದಳು, ನಾನು ಕಟ್ಟಿ ಮುಗಿಸುವವರೆಗೂ.